ದಾರ ಹಿಡಿದು ಅಳೆದ ಐಸ್‌ಲ್ಯಾಂಡ್

೨೦೨೪ರ ನವೆಂಬರ್ ಹತ್ತು, ಭಾನುವಾರ, ಬೆಳಿಗ್ಗೆ ಆರೂ ನಲವತ್ತಕ್ಕೆ ಹಾಲು ತರಲು ಗೇಟು ತೆಗೆದ ನಂದಕುಮಾರನನ್ನು ನೋಡಿ ಕಂಬದ ಮೇಲಿಂದ ದೇವರಾಜ ನಕ್ಕ. ಫ್ಲೆಕ್ಸಿನೊಳಗಿನ ದೇವರಾಜ. ಕೂಲಿಂಗ್ ಗ್ಲಾಸು, ಪಕ್ಕದಲ್ಲೊಂದು ಕಾಂಗರೂ. ಕೆಳಗೆ, ‘ಬೆಂಗಳೂರು–ಸಿಡ್ನಿ, ೯,೩೫೫ ಕಿ.ಮೀ., ಹನ್ನೆರಡು ಗಂಟೆ ವಿಮಾನಯಾನ! ಚಿಕ್ಕಲಸಂದ್ರದ ಹೆಮ್ಮೆಯ ಪುತ್ರನಿಗೆ ಸ್ವಾಗತ.’

ಎದುರು ಮನೆಯ ದೇವರಾಜ ಬಾಡಿಗೆಗೆಂದು ಮೂರು ಅಂತಸ್ತು ಕಟ್ಟಿಸಿದಾಗ ನಂದಕುಮಾರ ನಾಲ್ಕು ಕಟ್ಟಿಸಿದ್ದ. ಆಕಾಶದಲ್ಲಿ ಅಂತಸ್ತು ಏರಿಸುವುದು ಹೇಗೆ?

ಹಾಲಿನ ಬೂತಿನಲ್ಲಿ ರಸ್ತೆಯ ನಿವಾಸಿಗಳ ಸಂಘದ ಅಧ್ಯಕ್ಷ ಚಿಕ್ಕಬೈರಪ್ಪ ಗಾಯಕ್ಕೆ ಉಪ್ಪು ಸವರಿದರು. “ಸಂಜೆ ನಮ್ಮ ರಸ್ತೆ ರಾಜ್ಯೋತ್ಸವ. ಅತಿ ದೂರ ಹಾರಿದೋರಿಗೆ ಮೈಸೂರು ಪೇಟ. ದೇವರಾಜಂಗೇ ಅಂದ್ಕೋ.”

“ಇನ್ನೂ ದೂರ ಹೊರಟೋರಿದ್ರೆ?”

“ಟಿಕೆಟ್ ತೋರ್ಸ್ಲಿ, ಪೇಟ ಅವರಿಗೇ.”

ನಂದಕುಮಾರ ಮನೆಗೆ ಬಂದವನೇ ಹೆಂಡತಿ ಪಂಕಜಾಳ ಹೂ ಕಟ್ಟುವ ದಾರ ಹಿಡಿದು ಗೋಡೆಯ ಪ್ರಪಂಚ ನಕ್ಷೆಯ ಮುಂದೆ ನಿಂತ. ಸಿಡ್ನಿ ಒಂದು ಗೇಣು. ಅಮೆರಿಕದ ಕಡೆ ಟಿಕೆಟ್ ದರ ಕಂಡು ದಾರ ತಾನೇ ಹಿಂದೆ ಸರಿಯಿತು. ಐಸ್‌ಲ್ಯಾಂಡ್ ಗೇಣಿನ ಮೇಲೆ ನಾಲ್ಕು ಬೆರಳು!

“ಊಟಿ ಚಳಿಗೇ ಮೂರು ದಿನ ಮಲಗಿದ್ರಿ,” ಎಂದಳು ಪಂಕಜಾ.

“ಪೇಟ ಬೆಚ್ಚಗಿರತ್ತೆ ಸುಮ್ನಿರೇ.”

ವಾಪಸು ಕೊಡಲಾಗದ ಎರಡು ಟಿಕೆಟ್ ಬುಕ್ಕಾದವು. ಮಧ್ಯಾಹ್ನದ ಹೊತ್ತಿಗೆ ದೇವರಾಜನದಕ್ಕಿಂತ ಎರಡಡಿ ಅಗಲದ ಫ್ಲೆಕ್ಸು, ಅದರಲ್ಲಿ ಹಿಮಕರಡಿಯ ಹೆಗಲ ಮೇಲೆ ನಂದಕುಮಾರನ ಕೈ.

ಸಂಜೆ ವೇದಿಕೆಯಲ್ಲಿ ನಿರೂಪಣೆ ಚೈತ್ರಳದು. ನಂದಕುಮಾರನ ಮೂರನೇ ಅಂತಸ್ತಿನ ಬಾಡಿಗೆದಾರಳು, ಕಾಲೇಜಿನಲ್ಲಿ ಭೂಗೋಳದ ಮೇಡಂ.

“ಅಂಕಲ್, ನಿಮ್ಮ ಫ್ಲೆಕ್ಸಲ್ಲಿ ಕಿಲೋಮೀಟರೇ ಇಲ್ವಲ್ಲ?”

“ನೀವೇ ನೋಡಿ ಮೇಡಂ, ಮೈಕಲ್ಲಿ ಜೋರಾಗಿ ಓದಿ!”

ಚೈತ್ರ ಮೊಬೈಲು ಒತ್ತಿದಳು. “ನಿಲ್ದಾಣದಿಂದ ನಿಲ್ದಾಣಕ್ಕೆ ನೇರ ದೂರ… ೯,೧೮೫.”

“ಸುಳ್ಳು! ದಾರ ಹಿಡಿದು ಅಳೆದಿದ್ದೀನಿ!”

“ಗೋಡೆ ನಕ್ಷೆ ಮೇಲಾ ಅಂಕಲ್? ಗುಂಡಗಿರೋ ಭೂಮೀನ ಚಪ್ಪಟೆ ಮಾಡೋಕೆ ಧ್ರುವದ ಕಡೆ ನೆಲಾನ ಚಪಾತಿ ಥರ ಲಟ್ಟಿಸಿರ್ತಾರೆ.”

“ಮಧ್ಯೆ ಇಳಿದು ಇನ್ನೊಂದು ವಿಮಾನ ಹತ್ಬೇಕು. ಇಪ್ಪತ್ತು ಗಂಟೆ ಆಗತ್ತೆ!”

“ಬನಶಂಕರಿ ಬಸ್‌ಸ್ಟ್ಯಾಂಡಲ್ಲಿ ಕಾಯೋದನ್ನೂ ಪ್ರಯಾಣ ಅಂತಾರಾ ಗುರು?” ಎಂದ ದೇವರಾಜ. ಶಾಮಿಯಾನವೇ ನಕ್ಕಿತು.

ಚಿಕ್ಕಬೈರಪ್ಪನವರು ಸಮಾಧಾನಕ್ಕೆಂದು ದೇವರಾಜನಿಗೆ ಪೇಟ ತೊಡಿಸುವ ಗೌರವವನ್ನು ನಂದಕುಮಾರನಿಗೇ ಕೊಟ್ಟರು. ತಲೆ ಬಗ್ಗಿಸಿದ ದೇವರಾಜ ಪಿಸುಗುಟ್ಟಿದ. “ಬೇಜಾರಾಗ್ಬೇಡ ಮಗಾ. ನಾನೂ ಅದೇ ಥರ ಮ್ಯಾಪ್ ನೋಡಿ ಐಸ್‌ಲ್ಯಾಂಡಿಗೇ ಹೊರಟಿದ್ದೆ. ಪುಣ್ಯಕ್ಕೆ ಚೈತ್ರಾ ಮೇಡಂನ ಒಂದು ಮಾತು ಕೇಳ್ದೆ. ನಿಮ್ಮನೇಲೇ ಇದ್ದಾರಲ್ಲ, ನೀನು ಕೇಳ್ಲಿಲ್ವಾ?”

ನಂದಕುಮಾರ ಪೇಟವನ್ನು ದೇವರಾಜನ ಕಿವಿ ಮುಚ್ಚುವಷ್ಟು ಕೆಳಗೆ ಒತ್ತಿದ. “ಹೋಗ್ಲಿ ಬಿಡಪ್ಪ,” ಎಂದರು ಚಿಕ್ಕಬೈರಪ್ಪ, ಮೈಕು ಆರಿಸದೆಯೇ, “ಬರೀ ಇಲ್ಲಿಂದ ನಂಜನಗೂಡಿಗಿರೋಷ್ಟು ದೂರದಲ್ಲಿ ಸೋತೆ.”

ಲೆಕ್ಕ ಸರಿಯಾಗಿತ್ತು. ಕೊರತೆ, ನೂರ ಎಪ್ಪತ್ತು ಕಿಲೋಮೀಟರ್.