ಸುಣ್ಣದ ಗೆರೆಯ ಮನೆಯೂ ಒಂದು ಚೊಂಬು ನೀರೂ

ನಮ್ಮ ಭಾವನಿಗೆ ಹುಚ್ಚು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹುಚ್ಚಿಗಾದರೆ ಮದ್ದಿದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಆಯುಷ್ಯವಿಡೀ ಬಸ್ಸು ಓಡಿಸಿ ನಿವೃತ್ತರಾದವರು. ಕಳಸದಿಂದ ಹೊರಡುವ ಯಾವ ರಸ್ತೆಯಲ್ಲಿ ಯಾವ ತಿರುವಿನ ನಂತರ ಯಾವ ತಿರುವು ಎಂದು ಕೇಳಿದರೆ ಮಂತ್ರದ ಹಾಗೆ ಒಪ್ಪಿಸುತ್ತಾರೆ. ಸ್ವಂತ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಿ, ಗೊತ್ತಿಲ್ಲ. ಹೇಗೆ ಗೊತ್ತಾಗಬೇಕು? ಸಂಜೆಯ ಬಸ್ಸನ್ನು ಕೊನೆಯ ಊರಿಗೆ ಒಯ್ದು, ರಾತ್ರಿ ಅದರ ಸೀಟಿನ ಮೇಲೆಯೇ ಮಲಗಿ, ಬೆಳಿಗ್ಗೆ ಮೊದಲ ಟ್ರಿಪ್ಪು ವಾಪಸು ತರುವುದಕ್ಕೆ ನೈಟ್ ಹಾಲ್ಟ್ ಎನ್ನುತ್ತಾರೆ. ಭಾವನ ಸಂಸಾರದ ಬಹುಪಾಲು ರಾತ್ರಿಗಳು ನೈಟ್ ಹಾಲ್ಟಿನಲ್ಲೇ ಕಳೆದವು.

ಅಕ್ಕನದು ಮಾತ್ರ ಮನೆಯಲ್ಲೇ ಖಾಯಂ ಹಾಲ್ಟು. ಬಸ್ ಡ್ರೈವರನ ಹೆಂಡತಿಗೆ ಬಸ್ಸು ಹತ್ತಿದರೆ ವಾಂತಿ! ಎರಡನೇ ತಿರುವಿಗೆ ಮುಖ ಬಿಳಚುತ್ತದೆ, ಮೂರನೆಯದಕ್ಕೆ ಕಿಟಕಿ ಬೇಕು. ಮದುವೆಯ ದಿಬ್ಬಣದ ಬಸ್ಸನ್ನು ಮದುಮಗನೇ ಓಡಿಸಿದ್ದು. ಬೇರೆಯವರಿಗೆ ಬ್ರೇಕ್ ಹಾಕಲು ಬರುವುದಿಲ್ಲವಂತೆ. ಬ್ರೇಕ್ ಹಾಕಿದ್ದೇ ಹಾಕಿದ್ದು, ಮದುಮಗಳು ಇಳಿದದ್ದೇ ಇಳಿದದ್ದು. ಮನೆ ತುಂಬಿಸಿಕೊಳ್ಳುವಾಗ ಅಕ್ಕನಿಗೆ ಅಕ್ಕಿ ಒದೆಯಲೂ ತ್ರಾಣವಿರಲಿಲ್ಲ, ಸೇರನ್ನು ಅತ್ತೆಯೇ ಕೈಯಿಂದ ಉರುಳಿಸಿದರು. ಹೊರನಾಡಿಗೆ ಹರಕೆ ಹೊತ್ತವರು ನಡೆದು ಹೋಗುತ್ತಾರಲ್ಲ, ಅಕ್ಕ ವಾಂತಿಗೆ ಹೆದರಿ ನಡೆದು ಹೋಗುತ್ತಾಳೆ. ಊರಲ್ಲಿ ಅವಳಿಗೆ ಮಹಾಭಕ್ತೆ ಎಂದು ಹೆಸರು. ಮೂಡಿಗೆರೆಯ ನನ್ನ ಮನೆಗೆ ಬಂದದ್ದು ಒಮ್ಮೆ, ಗೃಹಪ್ರವೇಶಕ್ಕೆ. ಮಲಗಿದವಳು ಏಳಲಿಲ್ಲ. ನಮ್ಮ ಮನೆಯಲ್ಲಿ ಅವಳು ನೋಡಿದ್ದು ತಾರಸಿಯ ಅಡಿಭಾಗ ಮಾತ್ರ.

ಇಂಥ ದಂಪತಿಗೆ ಇಳಿವಯಸ್ಸಿನಲ್ಲಿ ಬೇಕಾದದ್ದೇನು, ಹೇಳಿ? ಚಕ್ರವಿರುವ ಮನೆ.

ಯಾರೋ ಪ್ರವಾಸಿ ದಂಪತಿ ಜೀಪಿನ ಹಿಂದೆ ಕಟ್ಟಿಕೊಂಡು ಎಳೆಯುವ ಟ್ರೈಲರ್ ಮನೆಯೊಂದನ್ನು ಹೊರನಾಡಿನ ದಾರಿಗೆ ತಂದು, ತಿರುವಿನಲ್ಲಿ ಅಡ್ಡಡ್ಡ ಸಿಕ್ಕಿಸಿಕೊಂಡಿದ್ದರು. ಭಾವ ಕೈಸನ್ನೆ ಮಾಡಿ ಹಿಂದಕ್ಕೆ ತೆಗೆಸಿಕೊಟ್ಟರು. ಅವರು ಒಳಗೆ ಕರೆದು ಕಾಫಿ ಕೊಟ್ಟರು. ಅಲ್ಲಿಗೆ ಮುಗಿಯಿತು ನೋಡಿ ಅಕ್ಕನ ಕಥೆ.

"ಒಳಗೆ ಮಂಚ, ಒಲೆ, ಸಿಂಕು ಎಲ್ಲ ಇದೆ ಮಾರಾಯ್ತಿ. ಬಸ್ಸಿಗೇ ಮದುವೆ ಆಗಿ ಸಂಸಾರ ಹೂಡಿದ ಹಾಗೆ," ಎಂದರಂತೆ ಮನೆಗೆ ಬಂದು.

"ಬಸ್ಸಿಗೆ ಮದುವೆ ಆಗಿದ್ದು ನನಗೆ ಗೊತ್ತಿಲ್ವಾ? ಸವತಿ ಜೊತೇಲೇ ಇಷ್ಟು ವರ್ಷ ಏಗಿದ್ದು," ಎಂದಳಂತೆ ಅಕ್ಕ.

ಎಂಟು ದಿನ ಕಳೆದಿರಬೇಕು, ಅಕ್ಕನ ಫೋನು. "ಬಾರೇ ಒಮ್ಮೆ. ಇವ್ರು ಕಣದಲ್ಲಿ ಮನೆ ಕಟ್ಟಿದ್ದಾರೆ."

ಹೋದೆ. ಕಾಫಿ ಒಣಗಿಸುವ ಸಿಮೆಂಟಿನ ಕಣದಲ್ಲಿ ಹಣ್ಣನ್ನೆಲ್ಲ ಮೂಲೆಗೆ ತಳ್ಳಿ, ಸುಣ್ಣದಲ್ಲಿ ಉದ್ದನೆಯ ಚೌಕ ಬರೆದಿದ್ದರು. ಅಂಥದೇ ಟ್ರೈಲರ್ ಕೊಳ್ಳುವ ಮೊದಲು ಅಷ್ಟೇ ಜಾಗದಲ್ಲಿ ಇದ್ದು ನೋಡಬೇಕಂತೆ. ನಾನು ಸೀದಾ ಅಕ್ಕನ ಕಡೆಗೆ ನಡೆದೆ.

"ನಿಲ್ಲು ಮಾರಾಯ್ತಿ, ಅದು ಗೋಡೆ. ಬಾಗಿಲು ಈ ಕಡೆ," ಎಂದರು ಭಾವ. ಸುತ್ತಿ ಬಂದೆ. "ತಲೆ ಬಗ್ಗಿಸು. ಬಾಗಿಲು ಗಿಡ್ಡ."

ಮೇಲೆ ಆಕಾಶ. ಆದರೂ ತಲೆ ಬಗ್ಗಿಸಿದೆ. ಬೇರೆ ಏನು ಮಾಡಲಿ? ಮನೆಯ ನಾಯಿ ಗೋಡೆ ತೂರಿಕೊಂಡು ಬಂತು. ಅದನ್ನೂ ಗದರಿಸಿ ಬಾಗಿಲಿನಿಂದ ಕರೆಸಿಕೊಂಡರು.

ಅಕ್ಕ ಚಾಪೆಯ ಮೇಲೆ, ಸಣ್ಣ ಗ್ಯಾಸ್ ಒಲೆಯ ಮುಂದೆ, ತಲೆಗೆ ಸೆರಗು ಹೊದ್ದು ಬಿಸಿಲಿನಲ್ಲಿ ಕೂತಿದ್ದಳು. "ಬೆಳಿಗ್ಗೆಯಿಂದ ಇದರೊಳಗೇ ಇದ್ದೀನಿ ಕಣೇ. ಉಪ್ಪು ತರಕ್ಕೆ ಅಡುಗೆಮನೆಗೆ ಹೋದ್ರೆ, ಪೇಟೆಗೆ ಹೋಗಿದ್ಯಾ ಅಂತ ಕೇಳ್ತಾರೆ."

"ಬಚ್ಚಲಿಗೆ?"

"ಪೆಟ್ರೋಲ್ ಬಂಕ್ ಬಂದಾಗ ನಿಲ್ಲಿಸ್ತಾರಂತೆ."

ಭಾವ ಹಾಲು ತರಲು ಹೋದಾಗ ಅಕ್ಕನ ದನಿ ತಗ್ಗಿತು. "ಇವ್ರು ಅದನ್ನ ತಗೊಂಡೇ ತಗೊಳ್ತಾರೆ. ನಾನು ಬರಲ್ಲ ಅಂದ್ರೆ ಒಬ್ರೇ ಹೋಗ್ತಾರೆ. ರಿಟೈರಾದ ಮೇಲಾದ್ರೂ ಮನೇಲಿ ಮಲಗ್ತಾರೆ ಅಂದ್ಕೊಂಡಿದ್ದೆ. ಮತ್ತೆ ಹಾಲ್ಟಿಗೆ ಹೊರಟ್ರು ನೋಡು."

ನಾನು ಮೂಲೆಗೆ ತಳ್ಳಿದ್ದ ಕಾಫಿಯನ್ನು ಕಾಲಿನಲ್ಲಿ ಹರಡುತ್ತಾ ನಿಂತೆ.

ಇದಕ್ಕಿಂತ ದೊಡ್ಡ ಆಘಾತ ಮರುದಿನ ಬೆಳಿಗ್ಗೆ ಕಾದಿತ್ತು. ಭಾವ ಹಿತ್ತಾಳೆ ಚೊಂಬಿನಲ್ಲಿ ಕಂಠದವರೆಗೆ ನೀರು ತುಂಬಿ, ಹಳೆಯ ಜೀಪಿನ ಮುಂದಿನ ಸೀಟಿನಲ್ಲಿ ಸಿಂಬೆ ಸುತ್ತಿ ಕೂರಿಸಿ, ಸಂಸೆಯ ಕಡೆಗೆ ಹೊರಟರು. ಬರುವಾಗ ಸೀಟು ಒದ್ದೆ, ಮುಖ ಸಪ್ಪೆ.

"ದಿನಾ ಇದೇ," ಎಂದಳು ಅಕ್ಕ. "ನನ್ನ ಚೊಂಬು ಊರೂರು ನೋಡಿ ಬಂತು. ನನಗಿಲ್ಲದ ಯೋಗ."

"ಇದೆಂತ ಭಾವ?" ಎಂದೆ.

"ಟ್ರೈನಿಂಗು."

"ಯಾರಿಗೆ? ಚೊಂಬಿಗಾ?"

ಭಾವ ಒದ್ದೆ ಸೀಟು ಒರೆಸತೊಡಗಿದರು. ಭಾವನನ್ನು ಮೂಡಿಗೆರೆಯಲ್ಲಿ ಯಾರಾದರೂ ಒಳ್ಳೆಯ ಡಾಕ್ಟರಿಗೆ ತೋರಿಸೋಣ ಎಂದು ಅಕ್ಕನ ಕಿವಿಯಲ್ಲಿ ಹೇಳಿದೆ. ಜೊತೆಗೆ ಅಕ್ಕನೂ ಬರಬೇಕಲ್ಲ, ಅವಳು ಬಸ್ಸು ಹತ್ತಬೇಕಲ್ಲ! ಈ ಮನೆಯಲ್ಲಿ ಯಾವ ದಾರಿ ಹಿಡಿದರೂ ಅದೇ ಗೋಡೆ, ಅದಕ್ಕೆ ಬಾಗಿಲೂ ಬರೆದಿಲ್ಲ.

ನಾನು ಊರಿಗೆ ಹೊರಡಲಿದ್ದ ದಿನ ಭಾವ ಜೀಪಿನಿಂದ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಇಳಿದರು. ಸೀಟು ಒದ್ದೆಯಾಗಿರಲಿಲ್ಲ.

"ಒಂದು ಹನಿ ಚೆಲ್ಲಿಲ್ಲ," ಎಂದರು ಅಕ್ಕನಿಗೆ. "ಚೊಂಬಿಗೆ ವಾಂತಿ ಆಗ್ಲಿಲ್ಲ ಅಂದ್ರೆ ನಿಂಗೂ ಆಗಲ್ಲ. ಜೀಪು ಹತ್ತು."

ಅಕ್ಕ ಹಿಟ್ಟಿನ ಕೈಯಲ್ಲೇ ನಿಂತಳು. "ಇದು ನನಗಾ?"

"ಮತ್ಯಾರಿಗೆ? ಊರವರನ್ನೆಲ್ಲ ಕೂರಿಸಿಕೊಂಡು ತಿರುಗಿದ್ದಾಯ್ತು. ಒಬ್ಳು ಬಾಕಿ."

ಅಕ್ಕ ಕೈ ತೊಳೆದು, ಸೀರೆ ಕೂಡ ಬದಲಿಸದೆ ಹತ್ತಿದಳು. ನಾನು ಚೊಂಬು ಹಿಡಿದು ಹಿಂದೆ ಕೂತೆ. ಭಾವ ಓಡಿಸಿದ್ದನ್ನು ಓಡಿಸಿದ್ದು ಎನ್ನಬಹುದೋ ಇಲ್ಲವೋ. ಸೈಕಲ್ಲಿನವನು ಬೆಲ್ಲು ಹೊಡೆದು ಮುಂದೆ ಹೋದ. ಹುಲ್ಲಿನ ಹೊರೆ ಹೊತ್ತವಳೊಬ್ಬಳು ಹಿಂದೆ ಬೀಳಲೇ ಇಲ್ಲ. ಒಂದು ತಿರುವು, ಎರಡು, ಮೂರು. ಅಕ್ಕ ಕಣ್ಣು ಮುಚ್ಚಿ ಕಂಬಿ ಹಿಡಿದಿದ್ದಳು. ನಾಲ್ಕು, ಐದು. ನನಗೂ ಆಸೆ ಹುಟ್ಟಿತು.

ಆಮೇಲೆ ಅಕ್ಕ ಭಾವನ ತೋಳು ತಟ್ಟಿದಳು.

ಜೀಪು ನಿಂತಿತೋ ಇಲ್ಲವೋ, ಭಾವ ಇಳಿದು ಆ ಬದಿಗೆ ಓಡಿದ್ದರು. ಅಕ್ಕನ ಹಣೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದರು, ಕೂದಲು ಹಿಂದಕ್ಕೆ ಸರಿಸಿದರು. ನಾನು ಚೊಂಬು ಕೊಟ್ಟೆ. ತುಂಬಿಯೇ ಇತ್ತು. ಅಷ್ಟು ದೂರ ಚೆಲ್ಲದೆ ಬಂದ ನೀರಿನಲ್ಲಿ ಅಕ್ಕ ಬಾಯಿ ಮುಕ್ಕಳಿಸಿದಳು.

ಭಾವ ಮೋರಿಕಟ್ಟೆಯ ಮೇಲೆ ಕುಸಿದು ಕೂತರು. "ಆಗಲ್ಲ ಮಾರಾಯ್ತಿ. ಬಿಟ್ಟುಬಿಡುವ."

ಅಕ್ಕ ಮುಖ ಒರೆಸಿಕೊಂಡು ರಸ್ತೆಯ ಆಚೆ ನೋಡುತ್ತಿದ್ದಳು. "ಅದೆಂತ ತೋಟ? ಎಲ್ಲದಕ್ಕೂ ಒಂದೇ ಸಮ ಕ್ರಾಪ್ ಹೊಡೆಸಿದ ಹಾಗಿದೆ?"

"ಟೀ."

"ಇಷ್ಟು ಹತ್ರ ಇತ್ತಾ?" ಬಹಳ ಹೊತ್ತು ನೋಡಿದಳು. ಆಮೇಲೆ, "ನಿಮ್ಮ ಸುಣ್ಣದ ಮನೆಗೆ ಕಿಟಕಿ ಯಾವ ಕಡೆ ಬರೆದಿದ್ದೀರಿ?" ಎಂದಳು.

"ಒಲೆ ಕಡೆ."

"ಮಲಗೋ ಕಡೆಗೂ ಒಂದು ಬರೀರಿ."

ವಾಪಸು ಜೀಪು ಹತ್ತಲು ಮಾತ್ರ ಸುತಾರಾಂ ಒಪ್ಪಲಿಲ್ಲ. ಸೆರಗು ಸಿಕ್ಕಿಸಿ ಕಳಸದ ಕಡೆಗೆ ನಡೆದೇಬಿಟ್ಟಳು. ಭಾವ ಜೀಪು ತಿರುಗಿಸಿ, ಫಸ್ಟ್ ಗೇರಿನಲ್ಲಿ, ಅವಳ ಹಿಂದೆ ಹಿಂದೆ ಬಂದರು.

ಎದುರು ಬಂದ ಬಸ್ಸು ನಮ್ಮ ಪಕ್ಕ ನಿಧಾನಿಸಿತು. ಡ್ರೈವರ್ ತಲೆ ಹೊರಗೆ ಹಾಕಿ, "ಎಂತ ಅಣ್ಣ, ಗಾಡಿ ಕೆಟ್ಟಿತಾ?" ಎಂದ.

ಭಾವ ಅಕ್ಕನ ಬೆನ್ನಿನಿಂದ ಕಣ್ಣು ತೆಗೆಯಲಿಲ್ಲ.

"ಇಲ್ಲ ಮಾರಾಯ. ಇಬ್ರೂ ಟೂರು ಹೊರಟಿದ್ದೀವಿ."