ಮನೆಯಲ್ಲಿ ಮೋತ್ಯಾ, ನಾನು ಇಬ್ಬರೇ

ಹೆಂಡತಿ ಊರಲ್ಲಿ ಇಲ್ಲದ ಗಂಡಸಿನ ಮನೆಯಲ್ಲಿ ವಾರಕ್ಕೊಂದಾದರೂ ನಗೆಪಾಟಲು ಆಗಿಯೇ ಆಗುತ್ತದೆ. ನಮ್ಮ ಮನೆಯಲ್ಲಿ ದಿನಾ ಆಗುತ್ತಿದೆ. ನಾನು ಹಾನಗಲ್ಲಿನಲ್ಲಿ ಹೊಲಿಗೆ ಅಂಗಡಿ ಇಟ್ಟವನು. ಗಿರಾಕಿಗಳ ಅಳತೆ ಬಿಟ್ಟರೆ ಬೇರೇನೂ ಬರೆದು ಗೊತ್ತಿಲ್ಲ. ಓದುವವರಿಗೆ ಗೊಂದಲ ಆಗಬಾರದೆಂದು ಎಲ್ಲ ಮೊದಲೇ ಹೇಳಿಬಿಡುತ್ತೇನೆ.

ಮಗಳು ಕಲಬುರಗಿಯಲ್ಲಿದ್ದಾಳೆ. ಅವಳ ಎರಡನೆಯ ಬಾಣಂತನಕ್ಕೆ ನನ್ನ ಹೆಂಡತಿ ಯುಗಾದಿ ಮುಗಿಸಿ ಹೋದಳು. (ಮೊದಲನೆಯದು ನಮ್ಮ ಮನೆಯಲ್ಲೇ ಆಯಿತು. ಈ ಸಲ ದೊಡ್ಡ ಕೂಸಿನ ಶಾಲೆ ಬಿಡಿಸಲಾಗದೆಂದು ಮಗಳು ಅವ್ವನನ್ನೇ ಕರೆಸಿಕೊಂಡಳು. ಯಾರಾದರೂ ಕೇಳಬಹುದೆಂದು ಹೇಳಿದೆ.) ಬಸ್ಸು ಹತ್ತುವಾಗ, "ಎರಡು ತಿಂಗಳ ನಿಮಗ ತ್ರಾಸ ಆಗೂದಿಲ್ಲೇನ್ರಿ?" ಅಂದಳು. "ಎಂಥಾ ತ್ರಾಸ? ಆರಾಮ ಹೋಗಿ ಬಾ," ಅಂದೆ.

ಎರಡು ತಿಂಗಳು ಮುಗಿದು ಹೋದವು. ಬೇಸಿಗೆಯೂ ಮುಗಿಯಲು ಬಂತು. ಅವಳು ಬರಲಿ ಅಂತ ಜೀವ ಹಂಬಲಿಸುತ್ತದೆ, ಆದರೆ ಹಾಗಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅಂಥ ಮಾತು ಆಡಿದ ರೂಢಿಯಿಲ್ಲ. ಮೋತ್ಯಾ ಅಂದರೆ ನಾಯಿ. ಅವಳು ಸಾಕಿದ್ದು. ಇಷ್ಟು ತಿಳಿದರೆ ಸಾಕು.

೧. ಆನೆಕೆರೆಯ ದಾರಿ

ಬಿಸಿಲು ಇಳಿದ ಮೇಲೆ ಮೋತ್ಯಾನನ್ನು ಆನೆಕೆರೆಯ ದಂಡೆಗೆ ಅಡ್ಡಾಡಿಸಿ ತರುವುದು ಅವಳ ಕೆಲಸವಾಗಿತ್ತು. ನಡೆದರೆ ಹತ್ತು ನಿಮಿಷದ ದಾರಿ. ಅವಳು ಮಾತ್ರ ಎರಡು ತಾಸು ಮಾಡಿ ಬರುತ್ತಿದ್ದಳು. "ನಾಯಿ ಅಡ್ಡಾಡಸ್ತೀಯೋ, ಊರ ಅಳೀತೀಯೋ?" ಅಂತ ನಾನು ರೇಗುತ್ತಿದ್ದೆ.

ನಾನು ಮೊದಲ ಸಲ ಹಗ್ಗ ಹಿಡಿದು ಹೊರಟ ಸಂಜೆ, ಮೂರನೆಯ ಮನೆ ಬಂದ ಕೂಡಲೇ ಮೋತ್ಯಾ ಕಟ್ಟೆಯ ಮುಂದೆ ಕುಳಿತುಬಿಟ್ಟಿತು. ಎಳೆದೆ. ಬರಲಿಲ್ಲ. ಒಳಗಿನಿಂದ ಒಬ್ಬ ಹೆಂಗಸು ಬಂದು, "ಅಕ್ಕಾರು ಯಾವಾಗ ಬರ್ತಾರ್ರಿ?" ಅಂತ ಕೇಳಿ, ತನ್ನ ಸೊಸೆಯ ಸುದ್ದಿ ಪೂರಾ ಹೇಳಿದಳು. ಅವಳ ಮಾತು ಮುಗಿದ ಮೇಲೆಯೇ ಮೋತ್ಯಾ ಎದ್ದಿತು. ಐದನೆಯ ಮನೆಯ ಮುಂದೆ ಮತ್ತೆ ಕುಳಿತಿತು. ಹೀಗೆ ಆರು ಕಡೆ. ಹೆಂಡತಿ ಎಲ್ಲೆಲ್ಲಿ ನಿಂತು ಮಾತಾಡುತ್ತಿದ್ದಳೋ ಅಲ್ಲಲ್ಲೆಲ್ಲ ನಾಯಿ ನನ್ನನ್ನು ನಿಲ್ಲಿಸಿತು. ಆರೂ ಮನೆಯವರಿಗೆ ನನ್ನ ಮಂಡಿ ನೋವು ಗೊತ್ತಿತ್ತು, ನಾನು ಬದನೆಕಾಯಿ ತಿನ್ನದಿರುವುದೂ ಗೊತ್ತಿತ್ತು.

ಕೊನೆಯ ಮನೆಯ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನ ಏನಪ್ಪಾ ಅಕಿ ಗಂಡ? ಗೊರಕಿ ಕಡಿಮಿ ಆತೇನು?" ಅಂದಳು.

"ಗೊತ್ತಾಗವಲ್ದಬೇ ಯಮ್ಮಾ," ಅಂದೆ, "ಕೇಳಿ ಹೇಳೂವಾಕಿನ ಊರಾಗಿಲ್ಲ."

ಆ ದಿನ ಕೆರೆ ಮುಟ್ಟಲೇ ಇಲ್ಲ.

೨. ದುಂಡನ್ನ ರೊಟ್ಟಿ

ಖಾನಾವಳಿ ಊಟ ಹೊಟ್ಟೆಗೆ ಆಗಲಿಲ್ಲ. ಜೋಳದ ರೊಟ್ಟಿ ಬಡಿಯಲು ಕುಳಿತೆ. ಜೋಳದ ಹಿಟ್ಟು ಗೋದಿ ಹಿಟ್ಟಿನ ಹಾಗಲ್ಲ, ಎಳೆದರೆ ಹರಿಯುತ್ತದೆ. (ಬಡಿದವರಿಗೆ ಗೊತ್ತು. ಬಡಿಯದವರಿಗಾಗಿ ಹೇಳಿದೆ.) ನನ್ನ ರೊಟ್ಟಿಗಳ ಅಂಚು ಎಲ್ಲ ಕಡೆ ಸೀಳಿ, ಒಂದೊಂದು ಒಂದೊಂದು ಆಕಾರಕ್ಕೆ ಬಂದವು. ಕೈಯಲ್ಲಿ ಮೂವತ್ತು ವರ್ಷದ ಕಸುಬು ಇದೆಯಲ್ಲ! ಟೇಪು ಹಿಡಿದು ನಡುಮಧ್ಯ ಗುರುತು ಮಾಡಿ, ಒಗ್ಗರಣೆ ಡಬ್ಬಿಯ ಮುಚ್ಚಳ ಇಟ್ಟು, ಸೀಮೆಸುಣ್ಣದ ಬದಲು ಬೆರಳಲ್ಲೇ ಗೆರೆ ಎಳೆದು, ಹೊಸ ಕತ್ತರಿಯಿಂದ ಸುತ್ತಲೂ ಕತ್ತರಿಸಿದೆ. ಚಂದ್ರನಂಥ ರೊಟ್ಟಿ! ಕತ್ತರಿಸಿ ಉಳಿದದ್ದು ಮೋತ್ಯಾನಿಗೆ. ಕತ್ತರಿಯ ಸಪ್ಪಳ ಕೇಳಿದರೆ ಸಾಕು, ಅದು ಓಡಿ ಬರುವುದನ್ನು ಕಲಿಯಿತು.

ಅವತ್ತೇ ಫೋನಿನಲ್ಲಿ ಹೆಂಡತಿಗೆ, "ರೊಟ್ಟಿ ದುಂಡಗ ಬರಾಕತ್ತಾವು," ಅಂತ ಹೇಳಿದೆ. ಮೆಚ್ಚುತ್ತಾಳೆ ಅಂದುಕೊಂಡಿದ್ದೆ. ಅವಳು, "ಹಂಗಾದ್ರ ಚೊಲೋ ಆತು ಬಿಡ್ರಿ. ನನ್ನ ಕೆಲಸ ಏನೈತಿ ಅಲ್ಲಿ," ಅಂದಳು. ಹೇಳಬಾರದಿತ್ತು ಅನ್ನಿಸಿತು.

ಮರುದಿನ ಪಕ್ಕದ ಮನೆಯ ಅಕ್ಕ ಮಾವಿನಕಾಯಿ ಚಟ್ನಿ ಕೊಡಲು ಬಂದವರು, ನಾನು ಕತ್ತರಿ ಆಡಿಸುವುದನ್ನು ಬಾಗಿಲಲ್ಲೇ ನಿಂತು ನೋಡಿದರು. ನಗಲಿಲ್ಲ. ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರು.

"ಕಟಿಂಗ್ ಭಾಳ ಚೊಲೋ ಆಗೇತ್ರಿ," ಅಂದರು, "ಗುಂಡಿ ಯಾವಾಗ ಹಚ್ಚತೀರಿ?"

೩. ಕವಳಿ ಹಣ್ಣು

ಬೇಸಿಗೆಯ ಕೊನೆಗೆ, ಮಳೆ ಬೀಳುವ ಮೊದಲು, ಗುಡ್ಡದ ಮುಳ್ಳುಪೊದೆಗಳಲ್ಲಿ ಕವಳಿ ಹಣ್ಣಾಗುತ್ತದೆ. ಪ್ರತಿ ವರ್ಷ ಅವಳೇ ಹೋಗಿ ತರುತ್ತಿದ್ದಳು. ನಾನು ಒಮ್ಮೆಯೂ ಜೊತೆಗೆ ಹೋದವನಲ್ಲ. ಈ ಸಲ ನನ್ನ ಅಂಗಡಿಯ ಪಕ್ಕದ ಚಹಾದವನು, "ನಿನ್ನ ಮಾರಿ ನೋಡ್ಕೋ, ಇಸ್ತ್ರಿ ಕಾಣದ ಅಂಗಿ ಆದಂಗ ಆಗೇತಿ. ಗುಡ್ಡಕ್ಕ ಹೋಗೋಣ ನಡಿ," ಅಂದ. ಮೋತ್ಯಾನನ್ನು ಅವನ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಬುತ್ತಿ ಕಟ್ಟಿಕೊಂಡು, ಆಡೂರಿನ ಆಚೆ ಹೋದೆವು.

ಕಂಟಿಯ ತುಂಬ ಹಣ್ಣು. ಗಾಳಿಯಲ್ಲಿ ಒಣ ಹುಲ್ಲಿನ ವಾಸನೆ. ಮೇಲೆ ಒಂದೇ ಒಂದು ಕರಿಮೋಡ. ಇದನ್ನೆಲ್ಲ ಅವಳು ಪ್ರತಿ ವರ್ಷ ಒಬ್ಬಳೇ ನೋಡಿದ್ದಾಳಲ್ಲ ಅನ್ನಿಸಿ ಫೋನು ತೆಗೆದೆ. ಸಿಗ್ನಲ್ ಇಲ್ಲ. ಒಂದು ಬಂಡೆ ಹತ್ತಿದೆ. ಸಿಕ್ಕಿತು.

"ಉಪ್ಪಿನಕಾಯಿಗೆ ಕೆಂಪನ್ನೂವೋ ಕರ್ರನ್ನೂವೋ?" ಅಂತ ಕೇಳಿದೆ.

"ಕೆಂಪನ್ನೂವು ಹರೀರಿ. ಮುಳ್ಳದಾವ, ಜ್ವಾಕಿ."

ಇಳಿದೆ. ನಾಲ್ಕು ಹಣ್ಣು ಹರಿದೆ. ಮತ್ತೆ ಹತ್ತಿದೆ. "ತೊಟ್ಟು ಇಟ್ಟು ಹರೀಬೇಕೋ, ತಗದೋ?" ಇಳಿದೆ. ಹತ್ತಿದೆ. "ಉಪ್ಪು ಇವತ್ತ ಹಾಕಬೇಕೋ, ನಾಳೆಯೋ?" ಐದನೆಯ ಸಲ ಹತ್ತುವ ಹೊತ್ತಿಗೆ ಕೇಳಲು ಏನೂ ಉಳಿದಿರಲಿಲ್ಲ. "ಅಲ್ಲಿ ಬಿಸಿಲು ಹೆಂಗೈತಿ?" ಅಂದೆ.

"ಕಲಬುರ್ಗಿ ಬಿಸಲಾ ಹೆಂಗಿರ್ತೈತ್ರಿ? ಬಿಸಲಾನ," ಅಂದಳು.

ಅಷ್ಟರಲ್ಲಿ ಬುಟ್ಟಿ ತುಂಬಿಕೊಂಡಿದ್ದ ಚಹಾದವನು, ನನ್ನ ಚೀಲದಲ್ಲಿದ್ದ ಎಂಟು ಹಣ್ಣು ಎಣಿಸಿ ಹೇಳಿದ: "ಇನ್ನೊಮ್ಮೆ ಬರೂದಾದ್ರ ಕವಳಿ ಕಂಟಿ ಬ್ಯಾಡಪಾ. ಟವರ್ ಬುಡಕ್ಕ ಕುಂದರ್ಸಿ ಹೋಗ್ತೇನಿ ನಿನ್ನ."

೪. ಊಟ ಬಿಟ್ಟವರು

ಇದು ಮೊನ್ನೆ ಮಧ್ಯಾಹ್ನದ್ದು. ಮಗಳು ವಿಡಿಯೋ ಕಾಲ್ ಮಾಡಿದಳು. ನಾನು ಅಡುಗೆಮನೆಯಲ್ಲಿ ನೆಲಕ್ಕೆ ಕುಳಿತು, ಫೋನನ್ನು ನನ್ನ ಬಿ.ಪಿ. ಗುಳಿಗೆಯ ಡಬ್ಬಿಗೆ ಆನಿಸಿ ಇಟ್ಟೆ. ಆ ಕಡೆ ಮಗಳು, ಅಳಿಯ, ಮಡಿಲಲ್ಲಿ ಕೂಸು ಮಲಗಿಸಿಕೊಂಡ ನನ್ನ ಹೆಂಡತಿ. ಸೊರಗಿದ್ದಳು.

"ಮಾವಾರ, ಅತ್ತಿ ಇನ್ನೊಂದು ತಿಂಗಳ ಇರ್ಲಿ?" ಅಂದ ಅಳಿಯ.

ಅವಳು ನನ್ನನ್ನೇ ನೋಡುತ್ತ, "ನಿಮಗ ಅಲ್ಲಿ ಎಲ್ಲಾ ನಡದೈತೆಲ್ಲಾ. ಇರ್ಲೇನ್ರಿ?" ಅಂದಳು.

ಇಲ್ಲಿ ನನ್ನ ಪರಿಸ್ಥಿತಿ ಹೇಳಬೇಕು. ಇರು ಅನ್ನಲು ಮನಸ್ಸಿಲ್ಲ. ಅಳಿಯನ ಮುಂದೆ ಬಾ ಅನ್ನಲು ನಾಚಿಕೆ. ಕೊನೆಗೆ ಬಾಯಿಗೆ ಬಂದದ್ದು ಇದು:

"ನಂದೇನಿಲ್ಲ. ಆದ್ರ ಮೋತ್ಯಾ ಊಟಾ ಬಿಟ್ಟೈತಿ. ನಿನ್ನ ಭಾಳ ನೆನಸ್ತೈತಿ."

ಅವಳು ಫೋನಿಗೆ ಮುಖ ಹತ್ತಿರ ತಂದು ನೋಡಿದಳು. "ಮತ್ತ ನಿಮ್ಮ ಹಿಂದ ಬೋಗಾಣ್ಯಾಗ ಮಾರಿ ಹಾಕಿದ್ದು ಯಾವ ನಾಯಿರಿ?"

ತಿರುಗಿದೆ. ಮೋತ್ಯಾ ನನ್ನ ಸಾರಿನ ಬೋಗಾಣಿಯನ್ನು ತಳದವರೆಗೆ ನೆಕ್ಕುತ್ತಿತ್ತು. ಅಳಿಯ ಕೆಮ್ಮಿದ. ನಾನು ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ.

"ತಿಂತೈತಿ ಖರೆ, ರುಚಿ ಹತ್ತವಲ್ದು ಅದಕ್ಕ. ಸಂಜಿ ಆತಂದ್ರ ಬಾಗಲಾ ನೋಡಕೋಂತ ಕುಂದರ್ತೈತಿ. ಒಂದು ಕಪ್ ಚಹಾ ಮಾಡ್ಕೊಂಡ್ರ ಅದೂ ಗಂಟಲದಾಗ ಇಳಿಯವಲ್ದು."

ಮಗಳು ನಕ್ಕುಬಿಟ್ಟಳು. "ಅಪ್ಪಾ, ಮೋತ್ಯಾ ಚಹಾ ಮಾಡ್ಕೊಳ್ಳಾಕ ಯಾವಾಗ ಕಲೀತು?"

"ನೀ ಸುಮ್ಕಿರ," ಅಂತ ಅವಳನ್ನು ಗದರಿಸಿ, ನನ್ನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಯಾರ ಮುಖವನ್ನೂ ನೋಡದೆ, ಮಡಿಲಿನ ಕೂಸಿನ ಟೊಪ್ಪಿಗೆ ಸರಿ ಮಾಡುತ್ತ ಹೇಳಿದಳು:

"ಐತವಾರ ಹೊಂಡ್ತೇನಿ. ಅಲ್ಲೀತನಾ ಆ ನಾಯಿಗೆ ಬಿ.ಪಿ. ಗುಳಿಗಿ ತಪ್ಪಸಬ್ಯಾಡ ಅಂತ ಹೇಳ್ರಿ."