ಸೈಕಲ್ ತುಳಿದು ಬಡವನಾದೆ

ಒಂದೇ ದಿನದಲ್ಲಿ ಇನ್ನೂರು ಕಿಲೋಮೀಟರ್ ಸೈಕಲ್ ತುಳಿಯುತ್ತೇನೆಂದು ಹೆಸರು ಕೊಟ್ಟಾಗ ನನ್ನಲ್ಲಿ ಎಲ್ಲವೂ ಇತ್ತು. ಹೊಸ ಸೈಕಲ್, ಹೆಲ್ಮೆಟ್, ಮೈಗಂಟುವ ಚಡ್ಡಿ, ನಲವತ್ತಾರರ ಉತ್ಸಾಹ. ಅಭ್ಯಾಸವೊಂದು ಮಾತ್ರ ಇರಲಿಲ್ಲ!

ಅದಕ್ಕೆ ನಾನು ಕಾರಣನಲ್ಲ ಎಂಬುದನ್ನು ಈ ಮೂಲಕ ಸ್ಪಷ್ಟಪಡಿಸಬಯಸುತ್ತೇನೆ. ಬೆಳಿಗ್ಗೆ ತುಳಿಯೋಣವೆಂದರೆ ಆರಕ್ಕೆಲ್ಲ ಸೋಂಪುರದ ನಮ್ಮ ಫ್ಯಾಕ್ಟರಿ ಬಸ್ಸು ದೊಡ್ಡಬಳ್ಳಾಪುರ ಬಿಡುತ್ತದೆ. ಸಂಜೆ ತುಳಿಯೋಣವೆಂದರೆ, ನಾನು ಹೆಲ್ಮೆಟ್ ಮುಟ್ಟುವುದನ್ನೇ ಕಾಯುತ್ತಿದ್ದ ಮಳೆ ಶುರುವಾಗುತ್ತದೆ. ಉಳಿದದ್ದು ಭಾನುವಾರ. ಅದನ್ನೂ ನನ್ನ ಹೆಂಡತಿ ಮಂಜುಳಾ ಅವಳಣ್ಣನ ಮಗಳ ಮದುವೆಗೆ ಧಾರೆ ಎರೆದುಬಿಟ್ಟಿದ್ದಳು.

“ರೀ, ದೇವನಹಳ್ಳಿ ಕಡೆ ಆರು ಮನೆ ಪತ್ರಿಕೆ ನಾವು ಕೊಡ್ತೀವಿ ಅಂತ ಒಪ್ಕೊಂಡಿದೀನಿ. ನಾನು ಸೀರೆ ತರೋಕೆ ಹೋಗ್ಬೇಕು, ನೀವೇ ಹೋಗ್ಬನ್ನಿ. ಕೊನೇದು ನಲ್ಲೂರು ದೊಡ್ಡಪ್ಪನ ಮನೆ. ಅಲ್ಲಿ ಮಾತ್ರ ಒಂಚೂರೂ ಹೆಚ್ಚುಕಮ್ಮಿ ಆಗ್ಬಾರ್ದು. ಅವ್ರು ಬರ್ಲಿಲ್ಲ ಅಂದ್ರೆ ನಾನು ತವರಲ್ಲಿ ತಲೆ ಎತ್ತೋ ಹಾಗಿಲ್ಲ!”

ಅವಳ ಭಯ ಸುಮ್ಮನೆ ಹುಟ್ಟಿದ್ದಲ್ಲ. ಹಿಂದಿನ ಮದುವೆಗೆ ಯಾರೋ ಫೋನಿನಲ್ಲಿ ಪತ್ರಿಕೆಯ ಫೋಟೋ ಕಳಿಸಿದ್ದಕ್ಕೆ, “ಊಟಾನೂ ಫೋನಲ್ಲೇ ಮಾಡ್ತೀನಿ ಬಿಡಿ” ಎಂದು ಮನೆಯಲ್ಲೇ ಕುಳಿತ ಮಹಾನುಭಾವರು ಆ ದೊಡ್ಡಪ್ಪ.

ಆರು ಮನೆ ಸುತ್ತಿ ಬಂದರೆ ಸಲೀಸಾಗಿ ಎಂಬತ್ತು ಕಿಲೋಮೀಟರ್! ಮದುವೆಯ ಕೆಲಸವೂ ಆಯಿತು, ನನ್ನ ಅಭ್ಯಾಸವೂ ಆಯಿತು. ನನ್ನ ಬುದ್ಧಿಗೆ ನಾನೇ ಬೆರಗಾದೆ.

“ಆ ಚಡ್ಡೀಲಿ ನಮ್ಮೋರ ಮನೆಗೆ ಹೋಗ್ತೀರಾ?” ಮಂಜುಳಾ ಹೌಹಾರಿದಳು.

“ಗೇಟ್ ಹತ್ರ ಇಳಿದು ಮೇಲೊಂದು ಪಂಚೆ ಉಟ್ಕೋತೀನಿ ಕಣೇ!”

ಮೊದಲನೆಯದು ಅವಳ ಚಿಕ್ಕಮ್ಮನ ಮಗಳ ಮನೆ. ಆಕೆ ಕುಂಕುಮ ತೆಗೆದುಕೊಂಡು ನನ್ನ ಬೆನ್ನ ಹಿಂದೆ ಇಣುಕಿದಳು. “ಭಾವ, ಕಾರೆಲ್ಲಿ?”

“ಕಾರು ಗೀರು ಎಲ್ಲಾ ಬಿಟ್ಟಾಯ್ತಮ್ಮಾ. ಇನ್ಮೇಲೆ ಸೈಕಲ್ಲೇ!” ಎಂದೆ, ಎದೆಯುಬ್ಬಿಸಿ.

ಅವಳ ಮುಖ ಚಿಕ್ಕದಾಯಿತು. “ಮತ್ತೆ... ಕೆಲ್ಸ?”

“ಇದ್ರ ಜೊತೆ ಕೆಲ್ಸ ಎಲ್ಲಮ್ಮ ಆಗುತ್ತೆ? ಯಾವುದಾದ್ರೂ ಒಂದು ಬಿಡ್ಬೇಕು!” ಎಂದು ನಕ್ಕೆ.

ಅವಳು ನಗಲಿಲ್ಲ. ತಟ್ಟೆಗೆ ಇನ್ನೆರಡು ಇಡ್ಲಿ ಹಾಕಿದಳು.

ನನ್ನ ಸೈಕಲ್ಲಿಗಿಂತ ಅವಳ ಫೋನು ಜೋರೆಂದು ನನಗೆ ಹೊಳೆಯಲೇ ಇಲ್ಲ. ಮುಂದಿನ ಮನೆಯಲ್ಲಿ ಉಪ್ಪಿಟ್ಟು, ಅದರ ಮುಂದೆ ಒಬ್ಬಟ್ಟು, ಆಮೇಲೆ ಚಿತ್ರಾನ್ನ. ಬೇಡವೆಂದರೆ, “ತಿನ್ನಿ, ಪಾಪ” ಎನ್ನುತ್ತಿದ್ದರು. ಆ ‘ಪಾಪ’ ನನ್ನ ದಣಿವಿಗೆ ಎಂದೇ ತಿಳಿದೆ. ಐದನೆಯ ಮನೆ ಬಿಡುವಾಗ ಬಗ್ಗಿ ಪಂಚೆ ಬಿಚ್ಚಿ ಮಡಿಸಲೂ ಹೊಟ್ಟೆ ಅವಕಾಶ ಕೊಡಲಿಲ್ಲ. ಹಾಗೇ ಹತ್ತಿದೆ. ಪಂಚೆ ಚೈನಿಗೆ ಸಿಕ್ಕಿತು. ಬಿದ್ದೆ. ಎದ್ದು ಹತ್ತಿದೆ. ಮತ್ತೆ ಬಿದ್ದೆ!

ಹರಿದ ಪಂಚೆ, ಮೈತುಂಬ ಗ್ರೀಸು, ಮೊಣಕೈಯಲ್ಲಿ ರಕ್ತ. ಈ ಅಲಂಕಾರದಲ್ಲಿ ನಲ್ಲೂರು ತಲುಪಿದೆ. ಯಾರು ಬಂದರೂ ಕುರ್ಚಿಯಿಂದ ಏಳದ ದೊಡ್ಡಪ್ಪ ಗೇಟಿನವರೆಗೆ ಬಂದು ನನ್ನ ಕೈ ಹಿಡಿದುಕೊಂಡರು.

“ಎಲ್ಲಾ ಗೊತ್ತಾಯ್ತು ಅಳಿಯಂದ್ರೇ. ಏಳೋದು ಬೀಳೋದು ಇದ್ದಿದ್ದೇ.”

“ಹೌದು ಮಾವ, ಎರಡ್ ಸಲ ಬಿದ್ದೆ.”

“ಆದ್ರೂ ಎದ್ದು ಬಂದ್ರಲ್ಲ, ಅದು ದೊಡ್ಡದು!”

ದೊಡ್ಡಮ್ಮ ಮುದ್ದೆ ಬಡಿಸುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಕಾರ್ ಮಾರ್ದಾಗ ಮಂಜುಳಾ ಎಷ್ಟು ಅತ್ಲೋ ಏನೋ!”

ಆಗ ಹೊಳೆಯಿತು! ಕಾರು ಮನೆ ಮುಂದೆ ನಿಂತಿದೆ, ಕೆಲಸವೂ ಭದ್ರವಾಗಿದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡಪ್ಪ ಶುರುಮಾಡಿದರು.

“ಕಾರ್ ಇಟ್ಕೊಂಡು ಸೈಕಲ್ಲಲ್ಲಿ ಬಂದು ಕರ್ದಿದ್ರೆ ಪತ್ರಿಕೆ ಮುಟ್ತಿರ್ಲಿಲ್ಲ. ನಮ್ಮನ್ನೇನು ಅಷ್ಟು ಹಗುರ ಅನ್ಕೊಂಡ್ರಾ ಅಂತಿದ್ದೆ. ಇಷ್ಟು ಕಷ್ಟದಲ್ಲೂ ಬಂದ್ರಿ ನೋಡಿ! ಮನೆಮಂದಿಯೆಲ್ಲ ಬರ್ತೀವಿ. ಅವತ್ತು ನಾನೇ ಕಾರ್ ತಂದು ಮಂಜುಳನ್ನ ಕರ್ಕೊಂಡೋಗ್ತೀನಿ.”

ತೆರೆದ ಬಾಯಿಗೆ ಮುದ್ದೆ ತುಂಬಿಕೊಂಡೆ.

ಅವರದೇ ಗೂಡ್ಸ್ ಆಟೋದಲ್ಲಿ ನಾನು, ನನ್ನ ಸೈಕಲ್ಲು, ಒಂದು ಮೂಟೆ ರಾಗಿ ಮನೆ ತಲುಪಿದೆವು. ಮಂಜುಳಾ ಬಾಗಿಲಲ್ಲೇ ನಿಂತಿದ್ದಳು.

“ರೀ, ನಮ್ ಕಾರ್ ಯಾವಾಗ ಮಾರಿದ್ರಿ? ಬೆಳಿಗ್ಗೆಯಿಂದ ಐದು ಮನೆಯೋರು ಫೋನ್ ಮಾಡಿ ಸಮಾಧಾನ ಹೇಳಿದ್ರು!”

“ಈಗ್ಲೇ ಫೋನ್ ಮಾಡಿ ನಿಜ ಹೇಳ್ಬಿಡ್ತೀನಿ.”

“ಬಾಯ್ ಮುಚ್ಕೊಂಡಿರಿ! ದೊಡ್ಡಪ್ಪ ಬರ್ತೀನಿ ಅಂದಿದಾರೆ. ಮದುವೆ ಮುಗಿಯೋವರ್ಗೂ ನೀವು ಬಡವರು, ಅಷ್ಟೇ.”

ಮದುವೆಯ ದಿನ ನಮ್ಮ ಕಾರು ಪಕ್ಕದವರ ಹಿತ್ತಲಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ದೊಡ್ಡಪ್ಪನ ಕಾರಿಗೆ ಮಂಜುಳಾ, ಮಕ್ಕಳು, ಹೂವು, ಹಣ್ಣಿನ ತಟ್ಟೆ ಎಲ್ಲವೂ ಹತ್ತಿದವು. ನನಗೆ ಮಾತ್ರ ಜಾಗ ಉಳಿಯಲಿಲ್ಲ. “ಅವ್ರು ಸೈಕಲ್ಲಲ್ಲಿ ಬರ್ತಾರೆ ಬಿಡಿ ದೊಡ್ಡಪ್ಪ, ಅಭ್ಯಾಸ ಆಗಿದೆ” ಎಂದಳು ಮಂಜುಳಾ, ನನ್ನ ಮುಖ ನೋಡದೆ.

ದೇವನಹಳ್ಳಿಯ ಛತ್ರಕ್ಕೆ ಇಪ್ಪತ್ತು ಕಿಲೋಮೀಟರ್ ಮೇಲಿದೆ. ರೇಷ್ಮೆ ಪಂಚೆ ಎತ್ತಿ ಕಟ್ಟಿ ಹೊರಟೆ. ಎದುರುಗಾಳಿ. ಮೊದಲ ಏರಿನಲ್ಲೇ ಏದುಸಿರು ಬಂದು ಇಳಿದು ತಳ್ಳತೊಡಗಿದೆ. ದಾರಿಯಲ್ಲಿ ಹೂವಿಗೆಂದು ನಿಂತು ತಡವಾಗಿದ್ದ ದೊಡ್ಡಪ್ಪನ ಕಾರು ಆಗ ಪಕ್ಕಕ್ಕೆ ಬಂದು ನಿಧಾನವಾಯಿತು. ಗಾಜು ಇಳಿದಿತ್ತು. ಒಳಗೆ ಅವರು ಮಂಜುಳೆಗೆ ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು:

“ಅಲ್ಲ ಕಣವ್ವಾ, ಕಾರು ಹೋಯ್ತು, ಸರಿ. ಸೈಕಲ್ಲಾದ್ರೂ ನೆಟ್ಟಗೆ ತುಳಿಯೋದು ಕಲೀಬಾರ್ದಾ ನಿನ್ ಗಂಡ?”